ತುಕ್ಕಿನ ತಗಡಿಗೆ ವಿಭೂತಿ

ಕಾಲೇಜಿನಲ್ಲಿ ನನಗೆ ತುಕ್ಕಮ್ಮ ಎಂದು ಹೆಸರಿತ್ತು. ಇಟ್ಟವರು ನಮ್ಮ ಕೆಮಿಸ್ಟ್ರಿ ವಿಭಾಗದ ಹೆಡ್ಡು. ಒಂದು ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ, "ಲೋಕದ ಮಂದಿ ತುಕ್ಕು ತಿಕ್ಕಿ ತೆಗಿಯಾಕ ಸಾಯತಾರ. ಈಕಿ ನೋಡ್ರಿ, ತುಕ್ಕು ಹಿಡಸಾಕ ಸಾಯತಾಳ" ಎಂದರು. ಎಲ್ಲರೂ ಹೋ ಎಂದು ನಕ್ಕರು. ಸಂಜೆಯೊಳಗೆ ಗೇಟಿನ ಜವಾನನ ಬಾಯಲ್ಲೂ ಅದೇ ಹೆಸರು. ಅಷ್ಟು ಗಂಡಸರ ನಡುವೆ ಒಬ್ಬಳೇ ಹೆಂಗಸು ಮುಖ ಸಿಂಡರಿಸಿದರೆ ಇನ್ನಷ್ಟು ನಗುತ್ತಾರೆ ಎಂದು ನಾನೂ ಹಲ್ಲು ಕಿರಿದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಎಂ.ಎಸ್ಸಿ. ಮುಗಿಸಿ ಬಳ್ಳಾರಿಯ ಒಂದು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಕೆಲಸ ಕಾಯಂ ಅಲ್ಲ. ಸತ್ಯನಾರಾಯಣಪೇಟೆಯ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಊರು ಕುರುಗೋಡು. ಅಲ್ಲಿ ಅಪ್ಪ, ಅಣ್ಣ, ಅತ್ತಿಗೆ. ಅವ್ವ ತೀರಿಹೋಗಿದ್ದಳು. ನನಗೆ ಬೇಕಿದ್ದದ್ದು ಒಂದೇ: ಪಿಎಚ್.ಡಿ.ಗೆ ನನ್ನ ಹೆಸರು ನೋಂದಣಿ ಆಗಬೇಕು. ಅದಕ್ಕೆ ಹೆಡ್ಡು ಒಪ್ಪಬೇಕು, ಮತ್ತು ವಿಶ್ವವಿದ್ಯಾಲಯದಿಂದ ಒಬ್ಬ ಪ್ರೊಫೆಸರು ಬಂದು, ನೋಡಿ, ಈ ಕೆಲಸದಲ್ಲಿ ಏನೋ ಹುರುಳಿದೆ ಎನ್ನಬೇಕು. ಅದಾಗದಿದ್ದರೆ ಜನ್ಮವಿಡೀ ಹುಡುಗರಿಗೆ ಬ್ಯೂರೆಟ್ ತೊಳೆದು ಕೊಡುವುದೇ ಗತಿ.

ಕೆಲಸ ಏನೆಂದು ಹೇಳಿಬಿಡುತ್ತೇನೆ, ಗಾಬರಿಯಾಗುವಂಥದ್ದೇನಲ್ಲ. ಬಿಸಿಲಿನಿಂದ ನೀರನ್ನು ಒಡೆಯುವುದು. ನೀರು ಒಡೆದರೆ ಎರಡು ಅನಿಲ. ಒಂದು ನಾವು ಉಸಿರಾಡುವ ಆಮ್ಲಜನಕ, ಇನ್ನೊಂದು ಜಲಜನಕ, ಅದಕ್ಕೆ ಕಡ್ಡಿ ಗೀರಿದರೆ ಉರಿಯುತ್ತದೆ. ಸೀಮೆಎಣ್ಣೆಗೆ ಡಬ್ಬಿ ಹಿಡಿದು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ ಅದು. ಬಿಸಿಲನ್ನೇ ಉರುವಲು ಮಾಡಬಹುದು ಎಂದರೆ ಯಾರಿಗೆ ಬೇಡ? ಹೊರದೇಶದಲ್ಲಿ ಟೈಟೇನಿಯಮ್ಮಿನ ಬಿಳಿ ಆಕ್ಸೈಡಿನಿಂದ ಮಾಡಿ ತೋರಿಸಿದ್ದರು. ಆದರೆ ಅದಕ್ಕೆ ಬೇಕಾದದ್ದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕು, ಅದು ಬಿಸಿಲಿನಲ್ಲಿ ಇರುವುದು ಚೂರೇ ಚೂರು. ಕಬ್ಬಿಣದ ಕೆಂಪು ಆಕ್ಸೈಡು, ಅಂದರೆ ತುಕ್ಕಿನ ಜಾತಿಯದು, ಕಣ್ಣಿಗೆ ಕಾಣುವ ಬೆಳಕನ್ನೂ ಹೀರುತ್ತದೆ. ಬಳ್ಳಾರಿಯಲ್ಲಿ ಬಿಸಿಲೂ ದಂಡಿ, ಕಬ್ಬಿಣದ ಕೆಂಪು ಮಣ್ಣೂ ದಂಡಿ. ನಾವು ಮಾಡದೆ ಇನ್ಯಾರು ಮಾಡಬೇಕು ಎಂದು ನನಗೆ ಹಟ ಹುಟ್ಟಿತ್ತು.

ತುಕ್ಕಿಗೂ ಒಂದು ರೋಗವಿದೆ. ಬೆಳಕು ಬಿದ್ದಾಗ ಅದರೊಳಗೆ ಹುಟ್ಟುವ ವಿದ್ಯುತ್ತು ಮೇಲೆ ಬಂದು ನೀರನ್ನು ಮುಟ್ಟುವ ಮೊದಲೇ ಒಳಗೊಳಗೇ ಸತ್ತುಹೋಗುತ್ತದೆ. ಅದಕ್ಕೆ ಪದರ ತೆಳ್ಳಗಿರಬೇಕು, ಕಣಗಳು ನುಣ್ಣಗಿರಬೇಕು, ಜೊತೆಗೆ ಬೇರೆ ಯಾವುದೋ ಧಾತು ಚೂರು ಬೆರೆತಿರಬೇಕು. ಈಗ ಅಂಥ ಪುಡಿಗೆ ನ್ಯಾನೋ ಎಂಬ ಚೆಂದದ ಹೆಸರಿದೆ. ಆಗ ನಮ್ಮ ಲ್ಯಾಬಿನಲ್ಲಿ ಅದಕ್ಕೆ ಸಣ್ಣ ಪುಡಿ ಎನ್ನುತ್ತಿದ್ದೆವು. ತಗಡಿನ ಅಂಗಡಿಯಲ್ಲಿ ಅಂಗೈಯಗಲದ ಕಬ್ಬಿಣದ ಚೂರು ಕತ್ತರಿಸಿ ತರುತ್ತಿದ್ದೆ. ಅದಕ್ಕೆ ಕಬ್ಬಿಣದ ಉಪ್ಪಿನ ದ್ರಾವಣ ಬಳಿದು, ಒಣಗಿಸಿ, ಕುಲುಮೆಯಲ್ಲಿ ಕೆಂಪಗೆ ಸುಟ್ಟು, ಕ್ಷಾರದ ನೀರಿಗೆ ಇಳಿಬಿಟ್ಟು ವರಾಂಡದ ಬಿಸಿಲಿಗೆ ಇಡುವುದು. ಎದುರಿಗೆ ಪ್ಲಾಟಿನಮ್ಮಿನ ತಂತಿ, ನಡುವೆ ಮೀಟರು. ಜೊತೆಗೆ ಬ್ಯಾಟರಿಯಿಂದ ಸಣ್ಣದೊಂದು ನೂಕು, ಅಷ್ಟರಿಂದಲೇ ನೀರು ಒಡೆಯದಷ್ಟು ಸಣ್ಣದು. ಉಳಿದದ್ದನ್ನು ಬಿಸಿಲು ಮಾಡಬೇಕು. ಮಾಡುತ್ತಿರಲಿಲ್ಲ. ಮೀಟರಿನ ಮುಳ್ಳು ಸತ್ತ ಹುಳದಂತೆ ಬಿದ್ದಲ್ಲೇ ಬಿದ್ದಿರುತ್ತಿತ್ತು. "ಏನವ್ವಾ ತುಕ್ಕಮ್ಮ, ಸೂರ್ಯ ಇವತ್ತೂ ರಜಾನೇನ?" ಎಂದು ಹೆಡ್ಡು ಕೇಳಿ ಹೋಗುತ್ತಿದ್ದರು.

ಆ ವರ್ಷ ಆಯುಧ ಪೂಜೆಗೆ ನಾನು ಊರಿಗೆ ಹೋಗಿದ್ದೆ. ಬಳಿದು ಒಣಗಲಿಟ್ಟ ತಗಡುಗಳು ಮೇಜಿನ ಮೇಲೇ ಇದ್ದವು. ನಮ್ಮ ಹೆಡ್ಡು ಕ್ಲಾಸಿನಲ್ಲಿ ದೇವರಿಲ್ಲ ದಿಂಡರಿಲ್ಲ ಎಂದು ಗಂಟಲು ಹರಿದುಕೊಳ್ಳುವವರು, ಆಯುಧ ಪೂಜೆಗೆ ಮಾತ್ರ ಲ್ಯಾಬಿಗೆ ತಾವೇ ಪೂಜಾರಿ. ತಕ್ಕಡಿ, ಕುಲುಮೆ, ಮೀಟರು ಎಲ್ಲಕ್ಕೂ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಅದೇ ಕೈಯಲ್ಲಿ ನನ್ನ ಹಸಿ ತಗಡುಗಳಿಗೂ ಎಳೆದುಬಿಟ್ಟಿದ್ದಾರೆ. ಆ ವಿಭೂತಿಯೂ ನಾನೇ ಕೊಟ್ಟು ಹೋಗಿದ್ದದ್ದು, ನಮ್ಮಪ್ಪ ಮನೆಯಲ್ಲಿ ಮಾಡಿದ ಗಟ್ಟಿ. ಬಂದು ನೋಡಿದರೆ ತಗಡುಗಳೆಲ್ಲ ಹಣೆ ಬಳಿದುಕೊಂಡು ಕೂತಿವೆ! ಅಯ್ಯೋ ಶಿವನೇ ಎಂದುಕೊಂಡೆ. ತೊಳೆಯೋಣವೆಂದರೆ ವಿಭೂತಿಯನ್ನು ಮೋರಿಗೆ ಬಿಡುವವರುಂಟೇ? ಬೆರಳಿಂದ ಮೆಲ್ಲಗೆ ಒರೆಸಿ, ನನ್ನ ಹಣೆಗೆ ಹಚ್ಚಿಕೊಂಡು, ಹಾಗೇ ಕುಲುಮೆಗೆ ಹಾಕಿದೆ. ಒರೆಸಿದರೂ ಗೆರೆ ಪೂರ್ತಿ ಹೋಗಿರಲಿಲ್ಲ.

ಮರುದಿನ ಬಿಸಿಲಿಗಿಟ್ಟೆ. ಮುಳ್ಳು ಧಡಕ್ಕನೆ ಎದ್ದಿತು. ತಂತಿ ಎಲ್ಲೋ ತಾಕಿರಬೇಕೆಂದು ಬಿಚ್ಚಿ ಕಟ್ಟಿದೆ, ಮತ್ತೆ ಎದ್ದಿತು. ಬಗ್ಗಿ ನೋಡಿದರೆ ತಗಡಿನ ಮೇಲೆ ಗುಳ್ಳೆಗಳು ಮೂರು ಗೆರೆಯಾಗಿ ಏಳುತ್ತಿವೆ. ವಿಭೂತಿ ಎಳೆದಿದ್ದ ಕಡೆ ಮಾತ್ರ. ಉಳಿದ ತಗಡು ಸುಮ್ಮನಿದೆ. ಸೆರಗು ಅಡ್ಡ ಹಿಡಿದೆ, ಗುಳ್ಳೆ ನಿಂತವು. ತೆಗೆದೆ, ಮೂರು ಗೆರೆಯೂ ಮತ್ತೆ ಕುದಿಯತೊಡಗಿದವು. ವರಾಂಡದಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕುಬಿಟ್ಟೆ. ಜೀವನದಲ್ಲಿ ಅಂಥ ಖುಷಿ ಮತ್ತೆ ಆಗಲಿಲ್ಲ, ಮಗ ಹುಟ್ಟಿದಾಗಲೂ ಆಗಲಿಲ್ಲ. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಕಾರಣ ಹೊಳೆಯುವುದು ಕಷ್ಟವಾಗಲಿಲ್ಲ. ಅಪ್ಪ ಸಗಣಿ ಸುಟ್ಟ ಬೂದಿಯನ್ನು ನೀರಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, ಮೇಲಿನ ಉಪ್ಪುನೀರು ಚೆಲ್ಲಿ, ತಳದ ಕೆನೆಯನ್ನು ಉಂಡೆ ಕಟ್ಟಿ, ಸಿರುಗುಪ್ಪದ ಹತ್ತಿರದ ಕರೂರಿನ ಕಡೆಯಿಂದ ತರಿಸಿದ ಭತ್ತದ ಹೊಟ್ಟಿನಲ್ಲಿ ಮತ್ತೆ ಸುಡುತ್ತಿದ್ದ. ಹೀಗೆ ಮತ್ತೆ ಮತ್ತೆ. ಹೊಟ್ಟಿನ ಬೂದಿ ಎಂದರೆ ಬಹುಪಾಲು ಸಿಲಿಕಾ. ಅದೇ ತುಕ್ಕಿನೊಳಗೆ ಹೊಕ್ಕು ರೋಗ ಬಿಡಿಸಿರಬೇಕು. ಹೆಡ್ಡಿಗೆ ತೋರಿಸಿದೆ. ಅವರು ಎಷ್ಟೋ ಹೊತ್ತು ಬಗ್ಗಿ ನೋಡಿದರು. "ಪ್ರೊಫೆಸರ್‌ನ ಕರಸೋಣು" ಎಂದರು, ನನ್ನನ್ನು ತುಕ್ಕಮ್ಮ ಎನ್ನದೆ.

ಅಲ್ಲೇ ನೋಡಿ ನಾನು ಎಡವಿದ್ದು. ಪ್ರೊಫೆಸರಿಗೆ ತೋರಿಸಲು ಉಳಿದ ವಿಭೂತಿಯನ್ನೆಲ್ಲ ಬಳಸಿ ಹೊಸ ತಗಡುಗಳನ್ನು ಮಾಡಿದೆ. ಪ್ರತಿಯೊಂದಕ್ಕೂ ಮೂರು ಬೆರಳಿನಿಂದ ಮೂರು ಗೆರೆ ಎಳೆದೆ. ತಗಡಿನ ತುಂಬ ಒಂದೇ ಸಮ ಬಳಿಯಬಹುದಿತ್ತು, ಬ್ರಷ್ಷು ಕೈಯಳತೆಯಲ್ಲೇ ಇತ್ತು. ಆದರೆ ಹುಟ್ಟಿದಾಗಿನಿಂದ ವಿಭೂತಿ ಮುಟ್ಟಿದರೆ ಮೂರು ಬೆರಳು ತಾವಾಗಿ ಮಡಿಸಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಅದನ್ನು ಬೇರೆ ರೀತಿ ಹಚ್ಚಬಹುದೆಂದು ಹೊಳೆಯಲೇ ಇಲ್ಲ. ಹೆಡ್ಡಿಗೂ ಹೊಳೆಯಲಿಲ್ಲ.

ಪ್ರೊಫೆಸರು ಬಂದರು. ಬೆಳ್ಳಗಿನ ಸಫಾರಿ, ಬೆವರಿಗೆ ಬೇಸತ್ತ ಮುಖ. ವರಾಂಡದಲ್ಲಿ ತಗಡನ್ನು ನೋಡಿದರು. ಕೈಯಲ್ಲಿದ್ದ ಫೈಲನ್ನು ಬಿಸಿಲಿಗೆ ಅಡ್ಡ ಹಿಡಿದರು, ಗುಳ್ಳೆ ನಿಂತವು. ತೆಗೆದರು, ಎದ್ದವು. ಹುಬ್ಬೇರಿಸಿ, "ಪರವಾಗಿಲ್ವೇ!" ಎಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಅಲ್ರೀ, ಗುಳ್ಳೆ ಮೂರು ಸಾಲಲ್ಲೇ ಬರ್ತಿದೆಯಲ್ಲ, ಯಾಕೆ?"

ಹೆಡ್ಡು ಮೀಟರಿನ ತಂತಿ ಸರಿಮಾಡುವವರಂತೆ ಆಚೆ ತಿರುಗಿದರು. ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ, ನಾನೇ ಹೇಳಿದೆ: "ಅದು ವಿಭೂತಿ ಸಾರ್. ಹಚ್ಚಿ ಸುಟ್ಟಿದ್ದೇವೆ. ಅದರಲ್ಲಿ ಸಿಲಿಕಾ..."

ಸಿಲಿಕಾ ಎಂಬ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಕೆಮ್ಮು ಬರುವ ತನಕ ನಕ್ಕರು. "ವಿಭೂತಿನಾ! ಏನ್ರೀ ಇದು, ಲ್ಯಾಬೋ ಮಠವೋ? ನಾಳೆ ಮಂಗಳಾರತಿ ಎತ್ತಿದರೆ ಪೆಟ್ರೋಲು ಬರುತ್ತಾ?" ಹಿಂದೆ ನಿಂತಿದ್ದ ಮೇಷ್ಟರುಗಳೂ ನಗತೊಡಗಿದರು. ಎದುರಿಗೆ ಆ ಗುಳ್ಳೆಗಳು ಏಳುತ್ತಲೇ ಇವೆ, ನೋಡುತ್ತ ನೋಡುತ್ತಲೇ ನಗುತ್ತಿದ್ದಾರೆ. ನಾನು ಹೆಡ್ಡಿನ ಮುಖ ನೋಡಿದೆ.

"ಹಳ್ಳಿ ಹುಡುಗಿ ಸಾರ್" ಎಂದರು ಹೆಡ್ಡು. "ಇಂಥವೆಲ್ಲ ಬ್ಯಾಡ ಅಂತ ಬಡಕೊಂಡೆ. ನನಗ ಗೊತ್ತಾಗದಂಗ ಹಚ್ಯಾಳ ನೋಡ್ರಿ."

ಮೊದಲು ಹಚ್ಚಿದ್ದು ನಿನ್ನ ಕೈಯಲ್ಲವೇನೋ ಎಂದು ಕೊರಳಪಟ್ಟಿ ಹಿಡಿದು ಕೇಳಬೇಕಿತ್ತು. ಕೇಳದೆ ತಗಡನ್ನು ನೀರಿನಿಂದ ಮೇಲೆತ್ತಿದೆ.

ಪ್ರೊಫೆಸರನ್ನು ಕಾರಿಗೆ ಹತ್ತಿಸಿ ಬಂದ ಹೆಡ್ಡು ಏನೂ ಆಗಿಲ್ಲವೆಂಬಂತೆ ನನ್ನನ್ನು ಕರೆದರು. "ಮುಖ ಯಾಕ ಹಂಗ ಮಾಡ್ಕೊಂಡಿ? ಅವರು ಪೂರ್ತಿ ಬ್ಯಾಡ ಅಂದಿಲ್ಲ. ಗೆರಿ ಇಲ್ಲದಂಗ, ತಗಡಿನ ತುಂಬ ಒಂದ ಸಮ ಹಚ್ಚಿ ತೋರಿಸಿದ್ರ ನೋಡ್ತಾರಂತ. ಯುಗಾದಿ ಕಳದ ಮ್ಯಾಲ ಮತ್ತ ಬರ್ತಾರ. ಅಲ್ಲಿತನಕ ಪ್ರಾಕ್ಟಿಕಲ್ ಪರೀಕ್ಷಾದ ಕೆಲಸಾನೂ ನೋಡ್ಕೊ, ಇದನ್ನೂ ಮಾಡು." ಸುಟ್ಟ ಗಾಯಕ್ಕೆ ಬೆಣ್ಣೆ ಸವರಿದಂತಾಯಿತು. ಕೈ ಮುಗಿದುಬಿಟ್ಟೆ ಆ ಮನುಷ್ಯನಿಗೆ.

ಹಗಲೆಲ್ಲ ಪರೀಕ್ಷೆಗೆ ಬೇಕಾದ ಲವಣ, ದ್ರಾವಣ ಸಿದ್ಧ ಮಾಡುವುದು, ಹುಡುಗರ ಕೈಯಲ್ಲಿ ಒಡೆದ ಗಾಜು ಗುಡಿಸುವುದು. ಬಿಡುವು ಸಿಕ್ಕಾಗ ತಗಡು. ಮನೆಯ ಗಟ್ಟಿ ಮುಗಿದಿತ್ತು. ಪೇಟೆಯ ವಿಭೂತಿ ತಂದು ಹಚ್ಚಿದೆ, ಗುಳ್ಳೆಯಿಲ್ಲ. ಆಮ್ಲ ಬಿಟ್ಟು ನೋಡಿದರೆ ಬುಸಬುಸ ಉಕ್ಕಿತು: ಬರೀ ಸುಣ್ಣದ ಕಲ್ಲಿನ ಪುಡಿ. ನಾನೇ ಸುಡುತ್ತೇನೆಂದು ಹೊರಟೆ. ಹೆಡ್ಡಿನ ಊರು ಸಿರುಗುಪ್ಪ, ಅವರ ಅಣ್ಣತಮ್ಮಂದಿರದು ಅಲ್ಲಿ ಅಕ್ಕಿ ಗಿರಣಿ. "ನಮ್ಮ ಗಿರಣ್ಯಾಗ ಹೊಟ್ಟಿನ ಗುಡ್ಡನ ಐತಿ, ಹೋಗಿ ಬಾಚ್ಕೊಂಡು ಬಾರವಾ" ಎಂದರು ಧಾರಾಳವಾಗಿ. ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ಗಿರಣಿಯ ಹಿತ್ತಲಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ ಗೋಣಿಚೀಲಕ್ಕೆ ಹೊಟ್ಟು ತುಂಬಿದೆ. ಕಣ್ಣು, ಮೂಗು, ಕುಪ್ಪಸದ ಒಳಗೆಲ್ಲ ಹೊಟ್ಟಿನ ಮುಳ್ಳು. ಹಮಾಲರು ನಿಂತು, "ಎಂ.ಎಸ್ಸಿ. ಓದಿದ್ರ ಇದ ಕೆಲಸ ಏನ್ರಿ ಅಕ್ಕಾರ?" ಎಂದು ನಕ್ಕರು. ಸುಟ್ಟೆ, ಸೋಸಿದೆ, ಮತ್ತೆ ಸುಟ್ಟೆ. ನನ್ನ ಬೂದಿ ಕಪ್ಪಗೆ, ಮರಳು ಮರಳಾಗಿ ಬಂತು. ತಗಡಿಗೆ ಬಳಿದು ಸುಟ್ಟರೆ ಹಪ್ಪಳದಂತೆ ಎದ್ದು ಉದುರಿತು. ಅಪ್ಪನ ವಿಭೂತಿ ಉಫ್ ಎಂದರೆ ಗಾಳಿಯಲ್ಲೇ ನಿಲ್ಲುವಷ್ಟು ನುಣುಪು. ಅಷ್ಟು ನುಣುಪು ಬರಬೇಕೆಂದರೆ ವರ್ಷಗಟ್ಟಲೆ ಸೋಸಬೇಕು. ನನ್ನ ಬಳಿ ಇದ್ದದ್ದು ಯುಗಾದಿಯ ತನಕ ಮಾತ್ರ.

ಉಳಿದದ್ದು ಒಂದೇ ದಾರಿ. ಅಪ್ಪನಿಗೆ ಆ ಚಳಿಗಾಲದಲ್ಲಿ ಲಕ್ವ ಹೊಡೆದು ಎಡಮೈ ಬಿದ್ದುಹೋಗಿತ್ತು. ಕುರುಗೋಡಿನ ಮನೆಯ ನಡುಮನೆಯಲ್ಲಿ ಮಂಚ, ಮಂಚದ ಕೆಳಗೆ ಒಂದು ಮರದ ಪೆಟ್ಟಿಗೆ, ಪೆಟ್ಟಿಗೆಯ ತುಂಬ ವಿಭೂತಿ ಗಟ್ಟಿ. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ, ಕುಣಿಯಲ್ಲಿ ಕೂರಿಸಿ ಸುತ್ತ ವಿಭೂತಿ ತುಂಬುತ್ತಾರೆ. ಅಪ್ಪ ತನ್ನ ಕುಣಿಗೆಂದು ತಾನೇ ಮಾಡಿಟ್ಟುಕೊಂಡದ್ದು ಅದು. ನಾನು ಮಂಚದ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಗುಳ್ಳೆ, ಬಿಸಿಲು, ಪ್ರೊಫೆಸರು, ಎಲ್ಲ.

"ಒಂದ ಒಂದು ಗಟ್ಟಿ ಕೊಡಪ್ಪಾ" ಎಂದೆ.

"ಅದು ನನ್ನ ಕುಣಿಗೆ" ಎಂದ. ಬಾಯಿ ಒಂದು ಕಡೆ ಸೊಟ್ಟಗಾಗಿದ್ದರೂ ಮಾತು ಖಡಕ್ಕಾಗಿತ್ತು.

"ಪೆಟಿಗಿ ತುಂಬ ಐತಲ್ಲಪ್ಪಾ. ಒಂದು ತಗಂಡ್ರ ಏನಾತು?"

"ನಿಮ್ಮವ್ವನ ಮಣ್ಣಿಗೆ ಗಡಿಬಿಡ್ಯಾಗ ಅಂಗಡಿ ಸುಣ್ಣ ತಂದು ಸುರಿದ್ವಿ. ಅವತ್ತಿಂದ ನನಗ ನೆಟ್ಟಗ ನಿದ್ದಿಲ್ಲ. ನನಗ ಒಂದು ಚೂರೂ ಕಡಿಮಿ ಆಗಬಾರದು."

"ಸತ್ತ ಮ್ಯಾಲ ನಿನಗೇನ ಗೊತ್ತಾಕ್ಕೈತಿ?" ಎಂದುಬಿಟ್ಟೆ. ಸಿಟ್ಟು ನೆತ್ತಿಗೇರಿತ್ತು. "ನನಗ ಬದುಕಾಕ ಬೇಕಾಗೈತಪ್ಪಾ!"

ಅಪ್ಪ ನನ್ನನ್ನೇ ನೋಡಿದ. "ಶಿವನ ಬೂದೀನ ಕುಲುಮ್ಯಾಗ ಹಾಕಿ ಸುಡತಿ. ಓದಿ ಏನ ಕಡದು ಕಟ್ಟಿ ಹಾಕಿದಿ ನೀನು? ನಾಕು ಮಂದಿ ಗಂಡಸರ ಮುಂದ ನಗೆಪಾಟಲಾಗಿ ಬಂದಿ. ನಾನು ಸತ್ತ ಮ್ಯಾಲ ತಗೋ ಅನ್ನಾಕೂ ಬರಂಗಿಲ್ಲ ನೋಡು. ಅದು ನನ್ನ ಜೊತಿಗೇ ಬರತೈತಿ" ಎಂದು ಅರ್ಧ ಬಾಯಲ್ಲಿ ನಕ್ಕ. ಅಣ್ಣನನ್ನು ಕರೆದು, ಪೆಟ್ಟಿಗೆಗೆ ಬೀಗ ಜಡಿಸಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಸಿಕೊಂಡ. ಹೆತ್ತ ಮಗಳಿಗೆ! ಊಟಕ್ಕೂ ನಿಲ್ಲದೆ ಬಸ್ಸು ಹಿಡಿದೆ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅಪ್ಪ ಹೋದ ಸುದ್ದಿ ಬಂತು. ಪ್ರೊಫೆಸರು ಆ ವಾರವೇ ಬರುತ್ತಾರೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಸುದ್ದಿ ಕೇಳಿದಾಗ ಮೊದಲು ಮನಸ್ಸಿಗೆ ಬಂದದ್ದು ಪೆಟ್ಟಿಗೆ. ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ಬೀಗ ಹಾಕಿದವನು ಅವನು.

ಬಾದನಹಟ್ಟಿ ದಾರಿಯ ನಮ್ಮ ಹೊಲದಲ್ಲಿ ಕುಣಿ ತೋಡಿದ್ದರು. ಅಪ್ಪನನ್ನು ಕೂರಿಸಿದರು. ಪೆಟ್ಟಿಗೆ ತೆರೆದು ಒಬ್ಬೊಬ್ಬರೂ ಒಂದೊಂದು ಗಟ್ಟಿ ಎತ್ತಿ ಕುಣಿಗೆ ಬಿಡುತ್ತ ಬಂದರು. ಬಿದ್ದ ರಭಸಕ್ಕೆ ಬಿಳಿ ಪುಡಿ ಹೊಗೆಯಂತೆ ಏಳುತ್ತಿತ್ತು. ನನ್ನ ಸರದಿ ಬಂತು. ಒಂದು ಗಟ್ಟಿ ಎತ್ತಿದೆ, ಕುಣಿಯ ಮೇಲೆ ಕೈ ಚಾಚಿದೆ, ಬಿಟ್ಟಂತೆ ಮಾಡಿ ಸೆರಗಿನೊಳಗೆ ಎಳೆದುಕೊಂಡೆ. ಅಣ್ಣ ನೋಡಿಬಿಟ್ಟ. ಎಲ್ಲರ ಮುಂದೆ ನನ್ನ ಮುಂಗೈ ಹಿಡಿದ.

"ಹೆಣದ್ದನ್ನೂ ಬಿಡಂಗಿಲ್ಲೇನಲೇ ನೀನು?"

"ಅಣ್ಣಾ, ಒಂದಪ್ಪಾ, ಒಂದ..."

ಬೆರಳನ್ನು ಒಂದೊಂದಾಗಿ ಬಿಡಿಸಿದ. ಕೈ ತಿರುಚಿದ ನೋವಿಗೆ ಕಣ್ಣು ಕತ್ತಲಾಯಿತು. ಎಳೆದಾಟದಲ್ಲಿ ಗಟ್ಟಿ ಪುಡಿಯಾಗಿ ಕುಣಿಗೆ ಸುರಿಯಿತು. ಹೆಂಗಸರು ಥೂ ಎಂದರು. ಅಂಗೈಗೆ ಮಾತ್ರ ಒಂದಿಷ್ಟು ಪುಡಿ ಮೆತ್ತಿಕೊಂಡಿತ್ತು. ಒಂದು ತಗಡಿಗೆ ಸಾಕಾದೀತು ಅನ್ನಿಸಿತು. ಮುಷ್ಟಿ ಕಟ್ಟಿದೆ. ಮಣ್ಣು ಮುಚ್ಚುವುದಕ್ಕೂ ಕಾಯದೆ, ಸ್ನಾನವನ್ನೂ ಮಾಡದೆ, ಸೀದಾ ರಸ್ತೆಗೆ ಬಂದು ಬಸ್ಸು ಹತ್ತಿದೆ.

ಬಸ್ಸಿನ ತಗಡು ಕಾದು ಹಂಚಾಗಿತ್ತು. ಕಂಡಕ್ಟರಿಗೆ ಎಡಗೈಯಿಂದ ದುಡ್ಡು ಕೊಟ್ಟೆ. "ಎಡಗೈಲೆ ಕೊಡತಿಯೇನವ್ವಾ, ಓದಿದಾಕಿ ಕಂಡಂಗ ಕಾಣತಿ" ಎಂದು ಬೈದ. ಬಳ್ಳಾರಿ ಬರುವ ತನಕ ಬಲಮುಷ್ಟಿ ಬಿಚ್ಚಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ಓಡುತ್ತಲೇ ಹೋದೆ.

ಲ್ಯಾಬಿನಲ್ಲಿ ಹೆಡ್ಡು ಒಬ್ಬರೇ ಕೂತು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಕಟ್ಟು ಕಟ್ಟುತ್ತಿದ್ದರು. ನಾನು ಮೇಜಿನ ಹತ್ತಿರ ಹೋಗಿ ಮುಷ್ಟಿ ಬಿಚ್ಚಿದೆ. ಬೆವರಿಗೆ ಎಲ್ಲ ಕರಗಿ ಕೈಗೆರೆಗಳಲ್ಲಿ ಬೂದುಬಣ್ಣದ ಕೆಸರು ಒಂದಿಷ್ಟು ನಿಂತಿತ್ತು, ಅಷ್ಟೇ. ಆದರೂ ಆಸೆ ನೋಡಿ.

"ಸಾರ್, ಅಪ್ಪ ಹೋದ್ರು. ಇಷ್ಟ ಸಿಕ್ಕಿದ್ದು. ತೊಳದು, ಒಣಗಿಸಿ ಒಂದು ಸಣ್ಣ ತಗಡು ಮಾಡತೀನ್ರಿ. ಪ್ರೊಫೆಸರ್ ಬರೂದ್ರೊಳಗ ಆಕ್ಕೈತ್ರಿ."

ಅವರು ದಾರದ ಗಂಟು ಬಿಗಿಯುತ್ತಲೇ ಕೇಳಿದರು. "ಯಾವ ಪ್ರೊಫೆಸರು?"

"ಯುಗಾದಿ ಕಳದ ಮ್ಯಾಲ ಬರ್ತಾರಂತ ಹೇಳಿದ್ರೆಲ್ರಿ..."

"ಓ, ಅದಾ. ಅವರು ಅವತ್ತ ಕಾರು ಹತ್ತೂ ಮುಂದನ ಆಗಂಗಿಲ್ಲ ಅಂದು ಹೋದ್ರವಾ. ಇನ್ನೊಮ್ಮಿ ಇಂಥದಕ್ಕ ಕರೀಬ್ಯಾಡ್ರಿ ಅಂತ ನನಗ ಬೈದ್ರು."

"ಮತ್ತ ನೀವು... ಸಿರುಗುಪ್ಪಕ್ಕ ಹೋಗು ಅಂದ್ರಿ. ಗೆರಿ ಇಲ್ಲದಂಗ ಹಚ್ಚು ಅಂದ್ರಿ."

"ಅವತ್ತ ಹೇಳಿದ್ರ ನೀನು ಕೆಲಸ ಬಿಟ್ಟು ಊರಿಗೆ ಹೋಗತಿದ್ದಿ. ಪ್ರಾಕ್ಟಿಕಲ್ ಪರೀಕ್ಷಾ ಮುಗಿಯೋತನಕ ನೀನು ಬೇಕಾಗಿತ್ತು. ಬ್ಯಾರೆ ಯಾರು ಅದಾರ ಇಲ್ಲಿ ಇಷ್ಟು ದುಡಿಯೋರು?" ಇದನ್ನು ಹೊಗಳಿಕೆ ಎಂಬಂತೆ ಹೇಳಿದರು. ಆಮೇಲೆ ನನ್ನ ಕೈ ನೋಡಿ, "ಮಣ್ಣಿಗೆ ಹೋಗಿ ಮೈ ತೊಳೀದನ ಬಂದಿಯೇನ? ಹೋಗವಾ, ಹೋಗು, ಮನಿಗೆ ಹೋಗು" ಎಂದರು.

ಅಲ್ಲಿಯ ತನಕ ನನ್ನ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ, ಅಪ್ಪನನ್ನು ಕುಣಿಗೆ ಇಳಿಸಿದಾಗಲೂ ಇಲ್ಲ. ಆಗ ಬಂತು. ಅಪ್ಪಾ ಎಂದು ಬಾಯಿಬಿಟ್ಟು ಕೂಗಿ ಅತ್ತೆ. ಹೆಡ್ಡು ನಾನು ಪಿಎಚ್.ಡಿ.ಗಾಗಿ ಅಳುತ್ತಿದ್ದೇನೆಂದು ತಿಳಿದು, "ಅದರಾಗೇನೈತಿ ಬಿಡು" ಎಂದು ಸಮಾಧಾನ ಹೇಳಿದರು. ನಮ್ಮಪ್ಪನಿಗಾಗಿ ನಾನು ಮೊದಲ ಸಲ ಅತ್ತದ್ದು ಆ ಮನುಷ್ಯನ ಮುಂದೆ. ಅದೊಂದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.